ಟ್ರಂಕಿನಲ್ಲಿ ಸಿಕ್ಕ ತ್ರಿವರ್ಣ ಧ್ವಜದ ವಯಸ್ಸು ಕಂಡುಹಿಡಿಯುವುದು ಹೇಗೆ?

ಅಜ್ಜನ ಟ್ರಂಕಿನ ತಳದಲ್ಲೋ, ಶಾಲೆಯ ಹಳೆ ಬೀರುವಿನಲ್ಲೋ, ಸಹಕಾರ ಸಂಘದ ಕಡತಗಳ ಕಟ್ಟಿನ ನಡುವೆಯೋ ಒಂದು ಬಾವುಟ ಸಿಗುತ್ತದೆ. ಸಿಕ್ಕ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇದು ನಲವತ್ತೇಳರ ಆಗಸ್ಟ್ ಹದಿನೈದಕ್ಕೆ ಹಾರಿಸಿದ್ದು.’ ಆಗಿರಲೂಬಹುದು. ಆದರೆ ಅದು 1938ರದ್ದೂ ಆಗಿರಬಹುದು, 1962ರದ್ದೂ ಆಗಿರಬಹುದು. ನೋಡದೆ ನಲವತ್ತೇಳರದ್ದು ಎಂದು ಚೀಟಿ ಅಂಟಿಸಿಬಿಟ್ಟರೆ ಅದರ ನಿಜವಾದ ಚರಿತ್ರೆ ಅಲ್ಲಿಗೇ ಅಳಿಸಿಹೋಗುತ್ತದೆ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಬಟ್ಟೆ ತಾನಾಗಿ ಇಸವಿ ಹೇಳುವುದಿಲ್ಲ. ‘ಇಂಥ ವರ್ಷಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತದೆ. ವಿನ್ಯಾಸ, ನೂಲು, ಮುದ್ರೆ, ಬೆಲೆಚೀಟಿ ಹೀಗೆ ಪ್ರತಿಯೊಂದು ಗುರುತಿನಿಂದಲೂ ಒಂದೊಂದು ಕೆಳಗಡಿ ಸಿಗುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದೇ ಬಾವುಟದ ಕೆಳಗಡಿ. ಚಕ್ರ ಇದೆ, ಹಾಗಾಗಿ 1947ಕ್ಕಿಂತ ಹಿಂದಿನದಲ್ಲ. ಬೆಲೆ ನಯಾ ಪೈಸೆಯಲ್ಲಿ, ಅಂದರೆ ರೂಪಾಯಿಗೆ ನೂರರ ಲೆಕ್ಕದ ಹೊಸ ಪೈಸೆಯಲ್ಲಿದೆ, ಹಾಗಾಗಿ 1957ಕ್ಕಿಂತ ಹಿಂದಿನದಲ್ಲ. ಆಗ ಉತ್ತರ 1957ರಿಂದ ಈಚೆಗೆ. ಮೇಲ್ಗಡಿಯನ್ನು ಕೊಡುವುದು ಹೆಚ್ಚಾಗಿ ಕಾಗದಪತ್ರ, ಫೋಟೊ ಮತ್ತು ಮನೆಯವರ ನೆನಪು.

ಬಿಚ್ಚುವ ಮೊದಲು

ಬಾವುಟಕ್ಕಿಂತ ದೊಡ್ಡದಾದ ಮೇಜು ಬೇಕು. ಅದರ ಮೇಲೆ ಒಗೆದು ಒಣಗಿಸಿದ, ಬಣ್ಣವಿಲ್ಲದ ಹತ್ತಿಬಟ್ಟೆ ಹಾಸಿ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಟೇಪು, ಸೀಸದ ಕಡ್ಡಿ, ನೋಟ್‌ಪುಸ್ತಕ, ಕ್ಯಾಮೆರಾ ಇದ್ದರೆ ಸಾಕು. ಇಂಕಿನ ಪೆನ್ನು ಮೇಜಿನ ಹತ್ತಿರವೂ ಬರಬಾರದು.

ಮಡಿಕೆ ಬಿಚ್ಚುವ ಮೊದಲೇ ಒಂದು ಫೋಟೊ ತೆಗೆಯಿರಿ. ಸುತ್ತಿದ ಕಾಗದ, ಕಟ್ಟಿದ ದಾರ, ಜೊತೆಗಿದ್ದ ಚೀಟಿ ಯಾವುದನ್ನೂ ಎಸೆಯಬೇಡಿ. ಸುತ್ತಿರುವುದು ಹಳೆಯ ವೃತ್ತಪತ್ರಿಕೆಯಾಗಿದ್ದರೆ ಅದರ ತಾರೀಖು ನೋಡಿ. ಬಾವುಟವನ್ನು ಕೊನೆಯ ಸಲ ಸುತ್ತಿಟ್ಟ ಕಾಲಕ್ಕೆ ಅದು ಹತ್ತಿರದ ಸಾಕ್ಷಿ.

ಮಡಿಕೆ ಗಟ್ಟಿಯಾಗಿ ಕೂತಿದ್ದರೆ ಎಳೆಯಬೇಡಿ. ಹಳೆಯ ಖಾದಿಗೆ ಗಂಜಿ ಹಾಕಿರುತ್ತಾರೆ. ಗಂಜಿ ಒಣಗಿ ಬಿರುಸಾದ ಕಡೆ ನೂಲು ಕಟಕ್ಕನೆ ಮುರಿಯುತ್ತದೆ, ಗಂಜಿಯ ರುಚಿಗೆ ಬಂದ ಹುಳು ಅದೇ ಗೆರೆಯುದ್ದಕ್ಕೂ ತಿಂದಿರುತ್ತದೆ. ಒಂದು ಮಡಿಕೆ ಬಿಚ್ಚಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಮುಂದಿನದಕ್ಕೆ ಕೈಹಾಕಿ. ನೀರು ಚಿಮುಕಿಸುವುದು, ಇಸ್ತ್ರಿ ಮಾಡುವುದು, ‘ಒಮ್ಮೆ ಒಗೆದು ನೋಡೋಣ’ ಎನ್ನುವುದು ಯಾವುದೂ ಬೇಡ. ಒಗೆದರೆ ಬಣ್ಣ ಬಿಡುತ್ತದೆ, ಅಳತೆ ಕುಗ್ಗುತ್ತದೆ, ಮುದ್ರೆ ಮಸುಕಾಗುತ್ತದೆ. ವಯಸ್ಸು ಹೇಳಬೇಕಾದ ಮೂರು ಗುರುತುಗಳು ಒಂದೇ ಬಕೆಟ್ಟಿನಲ್ಲಿ ಹೋದಂತೆ.

ನೂಲನ್ನು ಸುಟ್ಟು ನೋಡಿ ಹತ್ತಿಯೋ ಪಾಲಿಯೆಸ್ಟರೋ ಎಂದು ಹೇಳುವ ಪದ್ಧತಿ ಬಟ್ಟೆ ಅಂಗಡಿಗಳಲ್ಲಿದೆ. ಇಲ್ಲಿ ಅದನ್ನು ಮಾಡಬೇಡಿ, ಮಾದರಿಗೆಂದು ತುಂಡು ಕತ್ತರಿಸಲೂ ಬೇಡಿ. ಸಾರ್ವಜನಿಕವಾಗಿ ಧ್ವಜವನ್ನು ಸುಡುವುದು, ಹರಿಯುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ಕಾನೂನಿನ ಮಾತು ಹಾಗಿರಲಿ, ಯಾರೋ ಲಾಠಿ ಏಟು ತಿಂದು ಉಳಿಸಿದ ಬಟ್ಟೆಗೆ ನಾವು ಬೆಂಕಿ ತಾಗಿಸುವುದು ಸಲ್ಲ.

ನಡುವೆ ಇರುವುದು ಚರಕವೋ ಚಕ್ರವೋ?

ವಯಸ್ಸಿನ ಮೊದಲ ದೊಡ್ಡ ಕವಲು ಇದು. ಅದಕ್ಕೂ ಮೊದಲು ಪಟ್ಟಿಗಳ ಕ್ರಮ ನೋಡಿ, ಏಕೆಂದರೆ ನಮ್ಮ ಬಾವುಟ ಒಂದೇ ದಿನ ಹುಟ್ಟಿದ್ದಲ್ಲ.

1906ರ ಆಗಸ್ಟ್ 7ರಂದು ಕಲ್ಕತ್ತೆಯ ಪಾರ್ಸಿ ಬಾಗಾನ್ ಚೌಕದಲ್ಲಿ ಹಾರಿದ್ದು, 1907ರ ಆಗಸ್ಟ್ 22ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೇಡಂ ಭಿಕಾಜಿ ಕಾಮಾ ಬಿಚ್ಚಿ ತೋರಿಸಿದ್ದು, ಎರಡರಲ್ಲೂ ನಡುಪಟ್ಟಿಯ ಮೇಲೆ ‘ವಂದೇ ಮಾತರಂ’ ಎಂಬ ಅಕ್ಷರಗಳಿದ್ದವು. 1917ರ ಹೋಂ ರೂಲ್ ಬಾವುಟಕ್ಕೆ ಐದು ಕೆಂಪು, ನಾಲ್ಕು ಹಸಿರು ಪಟ್ಟಿ, ಸಪ್ತರ್ಷಿ ಮಂಡಲದ ಹಾಗೆ ಏಳು ನಕ್ಷತ್ರ, ಮೂಲೆಯಲ್ಲಿ ಯೂನಿಯನ್ ಜಾಕ್. ಇಂಥವು ಮನೆಯಲ್ಲಿ ಸಿಗುವುದು ತೀರಾ ಅಪರೂಪ. ಸಿಕ್ಕರೆ ನಾಟಕ, ಮೆರವಣಿಗೆ, ಪ್ರದರ್ಶನಗಳಿಗೆ ಆಮೇಲೆ ಹೊಲಿಸಿದ್ದಿರಬಹುದೇ ಎಂದು ಮೊದಲು ಕೇಳಿಕೊಳ್ಳಿ.

ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರೂ ಪಟ್ಟಿಗಳ ಮೇಲೆ ಹಬ್ಬಿದ ದೊಡ್ಡ ಚರಕ: ಇದು 1921ರಿಂದ 1931ರವರೆಗಿನ ಸ್ವರಾಜ್ಯ ಧ್ವಜ. ಬೆಜವಾಡ, ಅಂದರೆ ಇಂದಿನ ವಿಜಯವಾಡದ ಕಾಂಗ್ರೆಸ್ ಸಮಿತಿ ಸಭೆಯಲ್ಲಿ ಪಿಂಗಳಿ ವೆಂಕಯ್ಯ ತಂದು ತೋರಿಸಿದ್ದು ಕೆಂಪು-ಹಸಿರು ಎರಡೇ ಬಣ್ಣದ ಮಾದರಿ. ಚರಕದ ಸಲಹೆ ಜಲಂಧರದ ಲಾಲಾ ಹಂಸರಾಜರದು, ಬಿಳಿ ಸೇರಿಸಿದ್ದು ಗಾಂಧೀಜಿ. 1923ರ ನಾಗಪುರ ಧ್ವಜ ಸತ್ಯಾಗ್ರಹ ಈ ಬಾವುಟದ್ದು. ಅದೇ ವರ್ಷ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದ ಧ್ವಜವಂದನೆಗಳಲ್ಲಿ, 1924ರ ಬೆಳಗಾವಿ ಅಧಿವೇಶನದ ಕಾಲದಲ್ಲಿ ಹಾರುತ್ತಿದ್ದುದೂ ಇದೇ. ಕೆಂಪು ಮಾಸಿದರೆ ಕೇಸರಿಯ ಹಾಗೆ ಕಾಣುತ್ತದೆ. ಹಾಗಾಗಿ ಬಣ್ಣ ನೋಡಿ ತೀರ್ಮಾನಿಸಬೇಡಿ, ಬಿಳಿ ಎಲ್ಲಿದೆ ಎಂಬುದನ್ನು ನೋಡಿ. ಬಿಳಿ ಒಂದು ಅಂಚಿನಲ್ಲಿದ್ದರೆ ಸ್ವರಾಜ್ಯ ಧ್ವಜ, ನಡುವೆ ಇದ್ದರೆ 1931ರ ನಂತರದ್ದು.

1931ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರು ಎಂಬ ಕ್ರಮವನ್ನು, ಬಿಳಿಯ ನಡುವೆ ಗಾಢ ನೀಲಿ ಚರಕವನ್ನು, ಮೂರಕ್ಕೆ ಎರಡರ ಅಳತೆಯನ್ನು ನಿರ್ಣಯವಾಗಿ ಒಪ್ಪಿಕೊಂಡಿತು. ಕನ್ನಡ ನಾಡಿನ ಮನೆಗಳಿಗೆ ಮುಖ್ಯವಾದದ್ದು ಈ ಹಂತ. 1938ರ ಏಪ್ರಿಲ್ 11ರಂದು ಮದ್ದೂರಿನ ಶಿವಪುರದಲ್ಲಿ ಹಾರಿದ್ದು, ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನ ಗುಂಡಿಗೆ ಎದೆಯೊಡ್ಡಿದ್ದು ಇದೇ ಚರಕದ ಬಾವುಟಕ್ಕಾಗಿ. ‘ಶಿವಪುರದಿಂದ ತಂದದ್ದು’ ಎಂದು ಹೇಳುವ ಬಾವುಟದಲ್ಲಿ ಅಶೋಕ ಚಕ್ರ ಇದ್ದರೆ ಆ ಮಾತು ನಿಲ್ಲುವುದಿಲ್ಲ.

ಇಲ್ಲಿ ಒಂದು ದೊಡ್ಡ ಎಡವಟ್ಟು ಆಗುತ್ತದೆ. ಚರಕ ಇದ್ದ ಮಾತ್ರಕ್ಕೆ ಬಾವುಟ ಸ್ವಾತಂತ್ರ್ಯಪೂರ್ವದ್ದು ಎಂದಾಗುವುದಿಲ್ಲ. 1947ರ ನಂತರವೂ ಕಾಂಗ್ರೆಸ್ ಪಕ್ಷ ಚರಕದ ತ್ರಿವರ್ಣವನ್ನು ತನ್ನ ಧ್ವಜವಾಗಿ ಉಳಿಸಿಕೊಂಡಿತು. ಹಾಗಾಗಿ ಚರಕದಿಂದ ಸಿಗುವುದು 1931 ಎಂಬ ಕೆಳಗಡಿ ಮಾತ್ರ. ಮೇಲ್ಗಡಿಯನ್ನು ಬೇರೆ ಕಡೆಯಿಂದ ಹುಡುಕಬೇಕು.

1947ರ ಜುಲೈ 22ರಂದು ಸಂವಿಧಾನ ಸಭೆ ನೆಹರೂ ಮಂಡಿಸಿದ ನಿರ್ಣಯವನ್ನು ಒಪ್ಪಿತು. ಕೇಸರಿ, ಬಿಳಿ, ಕಡು ಹಸಿರು ಸಮಪಾಲು; ಬಿಳಿಯ ನಡುವೆ ಸಾರನಾಥದ ಸಿಂಹಸ್ತಂಭದ ಪೀಠದಲ್ಲಿರುವ ಚಕ್ರ, ಕಡುನೀಲಿ ಬಣ್ಣದಲ್ಲಿ. ಚರಕದ ಒಂದು ಬದಿಗೆ ಗಾಲಿ, ಇನ್ನೊಂದು ಬದಿಗೆ ಕದಿರು. ಬಾವುಟವನ್ನು ಹಿಂದಿನಿಂದ ನೋಡಿದರೆ ಅದು ತಿರುಗುಮುರುಗಾಗಿ ಕಾಣುತ್ತಿತ್ತು. ಚಕ್ರಕ್ಕೆ ಎಡಬಲವಿಲ್ಲ. ನೆಹರೂ ಸಭೆಯಲ್ಲಿ ಈ ಕಾರಣವನ್ನೂ ಹೇಳಿದರು. ನಿರ್ಣಯದಲ್ಲಿ ಯಾವ ವಿನ್ಯಾಸಕಾರರ ಹೆಸರೂ ಇಲ್ಲ. ಹಾಗಾಗಿ ‘ರಾಷ್ಟ್ರಧ್ವಜವನ್ನು ಮಾಡಿದವರು ಯಾರು’ ಎಂಬ ಪ್ರಶ್ನೆಗೆ ಒಂದೇ ಹೆಸರು ಬರೆದು ಮುಗಿಸುವ ಬದಲು, 1921ರ ಮೂಲ ಮಾದರಿ ವೆಂಕಯ್ಯನವರದು, 1931ರ ರೂಪ ಕಾಂಗ್ರೆಸ್ ಸಮಿತಿಯದು, 1947ರ ಅಂಗೀಕಾರ ಸಂವಿಧಾನ ಸಭೆಯದು ಎಂದು ಬಿಡಿಸಿ ಬರೆಯುವುದು ನ್ಯಾಯ.

ಜುಲೈ 22ರಿಂದ ಆಗಸ್ಟ್ 15ಕ್ಕೆ ಇದ್ದದ್ದು 24 ದಿನ. ಚರಕದ ಬಾವುಟವನ್ನೇ ಚಕ್ರದ್ದಾಗಿ ಬದಲಿಸಿರುವ ಸಾಧ್ಯತೆ ಇರುವುದು ಈ ಹೊತ್ತಿನ ಬಾವುಟಗಳಲ್ಲಿ. ಅದನ್ನು ಹುಡುಕುವುದು ಹೀಗೆ: ಕೋಣೆ ಕತ್ತಲೆ ಮಾಡಿ, ಒಬ್ಬರು ಬಿಳಿಪಟ್ಟಿಯನ್ನು ಎರಡು ಕೈಯಲ್ಲಿ ಅಡಿಯಿಂದ ಆಧರಿಸಿ ಸ್ವಲ್ಪ ಎತ್ತಿ ಹಿಡಿಯಲಿ, ಇನ್ನೊಬ್ಬರು ಹಿಂದಿನಿಂದ ಮಂದವಾದ ಟಾರ್ಚ್ ಬೆಳಕು ಬಿಡಲಿ. ಚಕ್ರದ ನೀಲಿಯ ಅಡಿಯಲ್ಲಿ ಬೇರೆ ಗೆರೆಗಳ ನೆರಳು, ಹೊರಗೆ ಸಾಲಾಗಿ ಸೂಜಿ ಚುಚ್ಚಿದ ತೂತುಗಳು, ವೃತ್ತದ ಸುತ್ತ ಇನ್ನೊಂದು ಪದರದ ಬಟ್ಟೆ ಕಂಡರೆ ಅಲ್ಲೇ ನಿಲ್ಲಿಸಿ, ಫೋಟೊ ತೆಗೆಯಿರಿ. ತೇಪೆಯನ್ನು ಬಿಚ್ಚಿ ನೋಡುವ ಆಸೆ ಬಂದೇ ಬರುತ್ತದೆ. ಬಿಚ್ಚಬೇಡಿ, ಆ ಹೊಲಿಗೆಯೇ ಸಾಕ್ಷಿ.

ಅಶೋಕ ಚಕ್ರಕ್ಕೆ 24 ಅರಗಳು. ಹಳ್ಳಿಯಲ್ಲಿ ಕೈಯಿಂದ ಬರೆದ ಚಕ್ರದಲ್ಲಿ 20 ಅಥವಾ 16 ಇದ್ದರೆ ಅದು ಹೆಚ್ಚು ಹಳೆಯದು ಎಂದಲ್ಲ, ಬರೆದವರ ಕೈ ಹಾಗೆ ಎಂದು ಮಾತ್ರ. ಈಗಲೂ ಬೀದಿಬದಿಯ ಬಾವುಟಗಳಲ್ಲಿ ಅರಗಳ ಲೆಕ್ಕ ತಪ್ಪುತ್ತದೆ.

ಅಳತೆ: ಬಾಲ ಕತ್ತರಿಸಿದ ಬಾವುಟ

ಅಗಲವನ್ನು ಕಂಬದ ಬದಿ, ನಡು, ತುದಿ ಹೀಗೆ ಮೂರು ಕಡೆ ಅಳೆಯಿರಿ. ಉದ್ದವನ್ನೂ ಮೇಲೆ, ನಡುವೆ, ಕೆಳಗೆ ಮೂರು ಸಲ. ಕಂಬದ ಬದಿಯ ದಪ್ಪ ಪಟ್ಟಿಯನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಬರೆದುಕೊಳ್ಳಿ. ಬಟ್ಟೆಯನ್ನು ಎಳೆದು ಹಿಡಿಯಬೇಡಿ. ಉದ್ದವನ್ನು ಅಗಲದಿಂದ ಭಾಗಿಸಿದರೆ 1.5 ಬರಬೇಕು. ಕೈಮಗ್ಗದ ಬಟ್ಟೆ ಹಾಸಿನ ಕಡೆ ಒಂದು ಥರ, ಹೊಕ್ಕಿನ ಕಡೆ ಇನ್ನೊಂದು ಥರ ಕುಗ್ಗುವುದರಿಂದ 1.45ರಿಂದ 1.55ರವರೆಗೆ ಬಂದರೂ ಗಾಬರಿಯಾಗಬೇಕಿಲ್ಲ.

ಅದಕ್ಕಿಂತ ಕಡಿಮೆ ಬಂದರೆ? ಗಾಳಿಗೆ ಮೊದಲು ಸವೆಯುವುದು ಬಾವುಟದ ತುದಿ. ಎಳೆ ಬಿಟ್ಟ ತುದಿಯನ್ನು ಕತ್ತರಿಸಿ ಮತ್ತೆ ಅಂಚು ಹೊಲಿದಿರುತ್ತಾರೆ. ಇದನ್ನು ಪತ್ತೆ ಮಾಡಲು ಚಕ್ರದ ಕೇಂದ್ರಬಿಂದುವಿನಿಂದ ಎರಡೂ ಬದಿಗೆ ಅಳೆಯಿರಿ. ಉದಾಹರಣೆಗೆ ಅಗಲ 902 ಮಿಲಿಮೀಟರ್, ಉದ್ದ 1268, ಕೇಂದ್ರದಿಂದ ಕಂಬದ ಬದಿಗೆ 672, ತುದಿಯ ಬದಿಗೆ 596 ಎಂದುಕೊಳ್ಳಿ. ಚಕ್ರ ಮೊದಲು ನಡುವೆಯೇ ಇದ್ದದ್ದು, ಹಾಗಾಗಿ ಮೂಲ ಉದ್ದ 672ರ ಎರಡರಷ್ಟು, ಅಂದರೆ 1344. ತುದಿಯಿಂದ 76 ಮಿಲಿಮೀಟರ್ ಹೋಗಿದೆ. 1344ನ್ನು 902ರಿಂದ ಭಾಗಿಸಿದರೆ 1.49. ಅಂದರೆ ಇದು ಮೊದಲು ಸರಿಯಾದ ಅಳತೆಯ ಬಾವುಟವೇ. ಹಾರಿ ಹಾರಿ ಸವೆದದ್ದು. ತುದಿಯ ಅಂಚಿನ ದಾರ ಉಳಿದ ಅಂಚುಗಳ ದಾರಕ್ಕಿಂತ ಬೇರೆಯಾಗಿದ್ದರೆ ಈ ಲೆಕ್ಕಕ್ಕೆ ಇನ್ನಷ್ಟು ಬಲ ಬರುತ್ತದೆ.

ಈಗ ಪ್ರಮಾಣಿತ ಅಳತೆಗಳ ಜೊತೆ ಹೋಲಿಸಿ. ಭಾರತೀಯ ಮಾನಕ ಸಂಸ್ಥೆ 1951ರಲ್ಲಿ ಧ್ವಜಕ್ಕೆ ಮಾನದಂಡ ರೂಪಿಸಿತು. 1964ರಲ್ಲಿ ಅದು ಮೆಟ್ರಿಕ್ ಅಳತೆಗೆ ಬಂತು, 1968ರಲ್ಲಿ ಮತ್ತೆ ತಿದ್ದುಪಡಿಯಾಯಿತು. ಮಿಲಿಮೀಟರ್ ಲೆಕ್ಕದಲ್ಲಿ ಒಂಬತ್ತು ಅಳತೆಗಳಿವೆ, ಪ್ರತಿಯೊಂದಕ್ಕೂ ಚಕ್ರದ ವ್ಯಾಸ ಗೊತ್ತುಮಾಡಿದೆ:

6300 × 4200, ಚಕ್ರ 1295
3600 × 2400, ಚಕ್ರ 740
2700 × 1800, ಚಕ್ರ 555
1800 × 1200, ಚಕ್ರ 370
1350 × 900, ಚಕ್ರ 280
900 × 600, ಚಕ್ರ 185
450 × 300, ಚಕ್ರ 90
225 × 150, ಚಕ್ರ 40
150 × 100, ಚಕ್ರ 25

ದೊಡ್ಡ ಬಾವುಟಗಳಲ್ಲಿ ಚಕ್ರದ ವ್ಯಾಸ ಬಿಳಿಪಟ್ಟಿಯ ಅಗಲದ ಶೇ 92-93ರಷ್ಟು. ಮೇಜಿನ ಮೇಲಿಡುವ ಅತಿ ಚಿಕ್ಕದರಲ್ಲಿ ಶೇ 75ಕ್ಕೆ ಇಳಿಯುತ್ತದೆ. ಆದರೆ 1947ರ ನಿರ್ಣಯದಲ್ಲಿದ್ದದ್ದು ‘ಬಿಳಿಪಟ್ಟಿಯ ಅಗಲದಷ್ಟೇ ಸರಿಸುಮಾರು’ ಎಂಬ ಮಾತು. ಹೀಗಾಗಿ ಚಕ್ರ ಮೇಲೂ ಕೆಳಗೂ ಪಟ್ಟಿಯ ಅಂಚಿಗೆ ತಾಗುವಂತಿದ್ದರೆ ಅದು 1951ಕ್ಕಿಂತ ಮೊದಲಿನದಿರಬಹುದು, ಇಲ್ಲವೇ ಮಾನದಂಡ ನೋಡದೆ ಹೊಲಿದದ್ದಿರಬಹುದು. ಇದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ. ಆ ಕಾಲದ ಚಕ್ರದ ಚಿತ್ರ ಹೇಗಿತ್ತು ಎಂದು ನೋಡಲು 1947ರ ನವೆಂಬರ್ 21ರಂದು ಹೊರಬಂದ ಮೂರೂವರೆ ಆಣೆಯ ‘ಜೈ ಹಿಂದ್’ ಅಂಚೆಚೀಟಿ ಕೈಗೆಟುಕುವ ಮಾದರಿ.

ಅಡಿಯ ಲೆಕ್ಕ, ಮೀಟರ್ ಲೆಕ್ಕ ನೋಡಿ 1964ರ ಮೊದಲೋ ನಂತರವೋ ಹೇಳಬಹುದಲ್ಲ ಎನಿಸಬಹುದು. ಕಾಗದದ ಮೇಲೆ ಸರಿ. 3 ಅಡಿಗೆ 2 ಅಡಿ ಎಂದರೆ 914 × 610 ಮಿಲಿಮೀಟರ್. ಮೆಟ್ರಿಕ್‌ನಲ್ಲಿ 900 × 600. ವ್ಯತ್ಯಾಸ ಶೇ 1.5 ಮಾತ್ರ. ನಾಲ್ಕು ಸಲ ಒಗೆದ ಖಾದಿ ಅದಕ್ಕಿಂತ ಹೆಚ್ಚು ಕುಗ್ಗಿರುತ್ತದೆ. ಬಾವುಟ ಒಗೆದೇ ಇಲ್ಲ, ಗಂಜಿಯ ಬಿರುಸು ಹಾಗೇ ಇದೆ, ಆದರೂ ಅಳತೆ 914 ಬಂತು ಎಂದಾದರೆ ಮಾತ್ರ ಅಡಿಯ ಲೆಕ್ಕದ ಕಡೆಗೆ ವಾಲಬಹುದು.

ನೂಲು, ಹೊಲಿಗೆ, ಬಣ್ಣ

ಭೂತಗನ್ನಡಿ ಹಿಡಿದು ನೂಲು ನೋಡಿ. ಕೈಯಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅಲ್ಲಲ್ಲಿ ಗಂಟಿನ ಹಾಗೆ ಉಬ್ಬು. ಗಿರಣಿ ನೂಲು ತಂತಿ ಎಳೆದ ಹಾಗೆ ಒಂದೇ ಸಮ. ಸರ್ಕಾರಿ ನಿಯಮದ ಪ್ರಕಾರ 2021ರ ಡಿಸೆಂಬರ್ 30ರವರೆಗೂ ಧ್ವಜ ಕೈನೂಲಿನ, ಕೈಮಗ್ಗದ ಹತ್ತಿ, ಉಣ್ಣೆ ಅಥವಾ ರೇಷ್ಮೆ ಖಾದಿಯದೇ ಆಗಿರಬೇಕಿತ್ತು. ಅಂದಿನ ತಿದ್ದುಪಡಿಯಿಂದ ಯಂತ್ರದಲ್ಲಿ ನೇಯ್ದದ್ದಕ್ಕೂ ಪಾಲಿಯೆಸ್ಟರಿಗೂ ಅವಕಾಶವಾಯಿತು. ಹಾಗೆಂದು ಗಿರಣಿ ಬಟ್ಟೆಯ ಬಾವುಟವೆಲ್ಲ 2021ರ ನಂತರದ್ದಲ್ಲ. ನಿಯಮ ಗೊತ್ತಿಲ್ಲದೆ ಮನೆಯಲ್ಲಿದ್ದ ಬಟ್ಟೆಯಲ್ಲೇ ಹೊಲಿದವರು ಎಲ್ಲ ಕಾಲದಲ್ಲೂ ಇದ್ದರು. ರೇಷ್ಮೆ ಕಂಡು ಅನುಮಾನಪಡುವುದೂ ಬೇಡ. 1947ರ ಆಗಸ್ಟ್ 15ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಮೇಲೆ ಹಾರಿದ, ಈಗ ಅಲ್ಲಿನ ಸಂಗ್ರಹಾಲಯದಲ್ಲಿರುವ 12 ಅಡಿ ಉದ್ದ, 8 ಅಡಿ ಅಗಲದ ಧ್ವಜ ರೇಷ್ಮೆಯದೇ.

ಒಂದು ವಸ್ತು ಮಾತ್ರ ನೇರವಾಗಿ ‘ಇಲ್ಲ’ ಎನ್ನುತ್ತದೆ. ಪಾಲಿಯೆಸ್ಟರ್ ನಾರು ಬ್ರಿಟನ್ನಿನಲ್ಲಿ ಕಂಡುಹಿಡಿಯಲ್ಪಟ್ಟದ್ದು 1941ರಲ್ಲಿ, ಬಟ್ಟೆಯಾಗಿ ಜನರ ಕೈಗೆ ಬಂದದ್ದು ಯುದ್ಧ ಮುಗಿದ ಮೇಲೆ, ಐವತ್ತರ ದಶಕದಲ್ಲಿ. ಮೈಯೆಲ್ಲ ಪಾಲಿಯೆಸ್ಟರ್ ಇರುವ ಬಾವುಟ ನಲವತ್ತೇಳರದ್ದಾಗಲಾರದು. ಹೊಲಿಗೆಯ ದಾರ ಮಾತ್ರ ಪಾಲಿಯೆಸ್ಟರ್ ಆಗಿದ್ದರೆ ಎಚ್ಚರ: ಪೂರ್ತಿ ಬಾವುಟ ಈಚಿನದೋ, ಇಲ್ಲ ಹಳೆಯದಕ್ಕೆ ಆಮೇಲೆ ಹೊಲಿಗೆ ಹಾಕಿದ್ದೋ? ಮೂರು ಪಟ್ಟಿಗಳನ್ನು ಜೋಡಿಸಿದ ಹೊಲಿಗೆ ನೋಡಿ. ಅಲ್ಲೂ ಅದೇ ದಾರವಿದ್ದರೆ, ಪಕ್ಕದಲ್ಲಿ ಹಳೆಯ ಹೊಲಿಗೆಯ ಖಾಲಿ ತೂತುಗಳಿಲ್ಲದಿದ್ದರೆ, ಬಾವುಟವೇ ಈಚಿನದು. ಮಿಷನ್ ಹೊಲಿಗೆ ಎಂಬುದೊಂದೇ ವಯಸ್ಸಿನ ಗುರುತಲ್ಲ. ಹೊಲಿಗೆ ಯಂತ್ರ ಬಾವುಟಕ್ಕಿಂತ ಎಷ್ಟೋ ಹಳೆಯದು.

ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಕತ್ತಲಲ್ಲಿ ಬಿಳಿಪಟ್ಟಿಯ ಮೇಲೆ ಕೆಲವೇ ಸೆಕೆಂಡು ಬಿಡಿ. ನೀಲಿಬಿಳಿಯಾಗಿ ಝಗ್ಗನೆ ಹೊಳೆದರೆ ಬಟ್ಟೆಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಹಿಂದೆ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಹೀಗೆ ಹೊಳೆಯುವುದಿಲ್ಲ. ಆದರೆ ಇಂದಿನ ಸೋಪುಪುಡಿಯಲ್ಲಿ ಅದೇ ರಾಸಾಯನಿಕ ಇರುವುದರಿಂದ, 1938ರ ಬಾವುಟವನ್ನು ಹೋದ ವರ್ಷ ಯಾರಾದರೂ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹೊಳೆಯದಿದ್ದರೆ ಅದು ಹಳೆಯದು ಎಂಬುದಕ್ಕೆ ಸ್ವಲ್ಪ ಬಲ. ಹೊಳೆದರೆ ಏನನ್ನೂ ಹೇಳಿದಂತಾಗಲಿಲ್ಲ.

ಬಣ್ಣವನ್ನು ಮೇಲ್ಮೈಯಲ್ಲಿ ನೋಡಬೇಡಿ. ಹೊಲಿಗೆಯ ಒಳಮಡಿಕೆಯಲ್ಲಿ, ಕಂಬದ ಬದಿಯ ಪಟ್ಟಿಯ ಅಡಿಯಲ್ಲಿ ಬೆಳಕು ಬೀಳದೆ ಉಳಿದ ಮೂಲ ಬಣ್ಣ ಇರುತ್ತದೆ. ಕೆಂಪೋ ಕೇಸರಿಯೋ ಎಂಬ ಸಂಶಯ ಅಲ್ಲಿ ತೀರುತ್ತದೆ.

ಮುದ್ರೆ ಮತ್ತು ಲೇಬಲ್

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇಲ್ಲಿದೆ, ಜನ ಎಲ್ಲಕ್ಕಿಂತ ಕಡಿಮೆ ನೋಡುವುದೂ ಇಲ್ಲೇ. ಕಂಬದ ಬದಿಯ ದಪ್ಪ ಬಟ್ಟೆಯ ಎರಡೂ ಮುಖ, ಮೂಲೆಗಳು, ಹಗ್ಗ ಹೋಗುವ ತೋಳಿನ ಬಾಯಿ ಇವುಗಳನ್ನು ಅಂಗುಲ ಅಂಗುಲ ಹುಡುಕಿ. ಮಾಸಿದ ಮುದ್ರೆ ನೇರ ಬೆಳಕಿನಲ್ಲಿ ಕಾಣದಿದ್ದರೆ ಟಾರ್ಚನ್ನು ಬಟ್ಟೆಗೆ ಸಮಾನಾಂತರವಾಗಿ ಅಡ್ಡ ಹಿಡಿಯಿರಿ. ಫೋಟೊ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಹೆಚ್ಚಿಸಿದರೆ ಅಕ್ಷರ ಎದ್ದು ಬರುವುದುಂಟು.

ಸಿಕ್ಕ ಪ್ರತಿ ಪದವನ್ನೂ ಒಂದು ಇಸವಿಗೆ ಹೊಂದಿಸಿ. ‘ಚರಕಾ ಸಂಘ’ ಎಂದಿದ್ದರೆ 1925ಕ್ಕಿಂತ ಹಿಂದಿನದಲ್ಲ, ಅಖಿಲ ಭಾರತ ಚರಕಾ ಸಂಘ ಹುಟ್ಟಿದ್ದೇ ಆಗ. ಧಾರವಾಡ ತಾಲ್ಲೂಕಿನ ಗರಗದ ಕ್ಷೇತ್ರೀಯ ಸೇವಾ ಸಂಘದ ಹೆಸರಿದ್ದರೆ 1954ರಿಂದ ಈಚೆ. ‘ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ’ ಎಂದಿದ್ದರೆ 1957ರಿಂದ ಈಚೆ. ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವೂ 1957ರದ್ದು, ಆದರೆ ಅದು ಮಾನಕ ಬ್ಯೂರೋದ ಪ್ರಮಾಣಪತ್ರದೊಂದಿಗೆ ರಾಷ್ಟ್ರಧ್ವಜ ತಯಾರಿಸತೊಡಗಿದ್ದು 2000ದ ದಶಕದಲ್ಲಿ. ‘ಭಾರತೀಯ ಮಾನಕ ಸಂಸ್ಥೆ’ ಎಂಬ ಹೆಸರು 1987ರ ಏಪ್ರಿಲ್ 1ರವರೆಗೆ. ಅಲ್ಲಿಂದ ಅದು ‘ಭಾರತೀಯ ಮಾನಕ ಬ್ಯೂರೋ’.

ಬೆಲೆ ಬರೆದಿದ್ದರೆ ಅದೃಷ್ಟ. ರೂಪಾಯಿ-ಆಣೆ-ಪೈ ಎಂದಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು, ಇಲ್ಲವೇ ಅದರ ಆಸುಪಾಸು, ಏಕೆಂದರೆ ಹಳೆಯ ಲೆಕ್ಕ ಜನರ ಬಾಯಲ್ಲಿ ಕೆಲವು ವರ್ಷ ಉಳಿದಿತ್ತು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ಮೇ ತಿಂಗಳವರೆಗಿನ ಏಳು ವರ್ಷದ ಕಿಂಡಿ. ಇಷ್ಟು ಕಿರಿದಾದ ಅವಧಿ ಬೇರೆ ಯಾವ ಗುರುತಿನಿಂದಲೂ ಸಿಗುವುದಿಲ್ಲ. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ಮೊದಲಿನ ಅಚ್ಚು. ಜಿಎಸ್‌ಟಿ ಎಂದಿದ್ದರೆ 2017ರಿಂದ ಈಚೆ.

ಎರಡು ಕಡೆ ಮೋಸಹೋಗುವುದುಂಟು. ಸಂಘಗಳು ಹಳೆಯ ರಬ್ಬರ್ ಸ್ಟ್ಯಾಂಪ್, ಹಳೆಯ ಲೇಬಲ್‌ಗಳನ್ನು ಮುಗಿಯುವವರೆಗೆ ಬಳಸುತ್ತವೆ. ಹಾಗಾಗಿ ‘ಮೈಸೂರು’ ಎಂಬುದರ ಮೇಲ್ಗಡಿಗೆ ಎರಡು ಮೂರು ವರ್ಷ ಸಡಿಲ ಬಿಡಿ. ಎರಡನೆಯದಾಗಿ, ಶಾಲೆ ಅಥವಾ ಕಚೇರಿಯ ದಾಸ್ತಾನು ಮುದ್ರೆ ಬಾವುಟ ತಯಾರಾದ ವರ್ಷದ್ದಲ್ಲ, ದಾಸ್ತಾನಿಗೆ ಸೇರಿದ ವರ್ಷದ್ದು. ದಾಸ್ತಾನು ಪುಸ್ತಕ ಉಳಿದಿದ್ದರೆ ಆ ಸಂಖ್ಯೆಯ ಸಾಲಿನಲ್ಲಿ ಕೊಂಡ ತಾರೀಖೂ ಕೊಟ್ಟ ಬೆಲೆಯೂ ಇರುವ ಸಂಭವ ಹೆಚ್ಚು.

ಫೋಟೊ ಮತ್ತು ಮಾತು

ಹಳೆಯ ಕಪ್ಪು-ಬಿಳುಪು ಫೋಟೊದಲ್ಲಿ ಕೇಸರಿ, ಹಸಿರು ಯಾವುದು ಎಂದು ವಾದಿಸಬೇಡಿ. ಕೆಂಪು ಬೆಳಕನ್ನು ಗ್ರಹಿಸದ ಹಳೆಯ ಫಿಲ್ಮ್‌ನಲ್ಲಿ ಕೇಸರಿ ಹಸಿರಿಗಿಂತ ಕಪ್ಪಾಗಿ ಬೀಳುತ್ತದೆ, ನೋಡಿದವರು ಬಾವುಟ ತಲೆಕೆಳಗಾಗಿದೆ ಎನ್ನುತ್ತಾರೆ. ಫೋಟೊದಿಂದ ತೆಗೆದುಕೊಳ್ಳಬೇಕಾದ್ದು ಬಿಳಿಯ ಸ್ಥಾನ, ಚರಕವೋ ಚಕ್ರವೋ ಎಂಬುದು, ತೇಪೆ ಮತ್ತು ಹರುಕಿನ ಜಾಗ. ನಿಮ್ಮ ಬಾವುಟದ ತೇಪೆ ಫೋಟೊದಲ್ಲೂ ಅದೇ ಮೂಲೆಯಲ್ಲಿ ಕಂಡರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಿರಿಯರನ್ನು ಕೇಳುವಾಗ ಬಾವುಟವನ್ನು ಮೊದಲೇ ತೋರಿಸಬೇಡಿ. ‘ಇದು ನಲವತ್ತೇಳರದ್ದಲ್ಲವಾ ಅಜ್ಜಿ?’ ಎಂದು ಕೇಳಿದರೆ ‘ಹೂಂ ಮಗಾ’ ಎಂಬ ಉತ್ತರವೇ ಬರುತ್ತದೆ. ‘ನಡುವೆ ಏನು ಬರೆದಿತ್ತು? ಯಾರ ಮನೆಯಲ್ಲಿ ಹೊಲಿದರು? ಬಟ್ಟೆ ಎಲ್ಲಿಂದ ಬಂತು? ಹಾರಿಸಿದ ದಿನ ಪೊಲೀಸರಿದ್ದರಾ, ಸಿಹಿ ಹಂಚಿದರಾ?’ ಎಂದು ಕೇಳಿ. ಕೊನೆಯ ಪ್ರಶ್ನೆ 1938, 1942, 1947ನ್ನು ಬೇರೆ ಬೇರೆ ಮಾಡುತ್ತದೆ. ಕಲಬುರಗಿ, ಬೀದರ್, ರಾಯಚೂರು ಕಡೆಯ ಬಾವುಟವಾದರೆ 1948ರ ಸೆಪ್ಟೆಂಬರ್ 17ನ್ನು ಮರೆಯಬೇಡಿ. ನಿಜಾಮನ ಆಳ್ವಿಕೆ ಮುಗಿದದ್ದು ಅಂದು. ‘ಸ್ವಾತಂತ್ರ್ಯದ ದಿನ ಹಾರಿಸಿದ್ದು’ ಎಂದು ಅಲ್ಲಿನವರು ಹೇಳಿದರೆ ಆ ದಿನವೇ ಇರಬಹುದು.

ಬರೆದಿಡುವುದು, ಎತ್ತಿಡುವುದು

ಫಲಿತಾಂಶವನ್ನು ಒಂದೇ ಇಸವಿಯಾಗಿ ಬರೆಯಬೇಡಿ. ‘1957ರಿಂದ 1964ರ ನಡುವಿನದು, ಆಧಾರ: ನಯಾ ಪೈಸೆಯ ಬೆಲೆಮುದ್ರೆ, 24 ಅರಗಳ ಅಚ್ಚು ಹಾಕಿದ ಚಕ್ರ, ಕೈನೂಲಿನ ಹತ್ತಿ. 1947ರದ್ದು ಎಂಬ ಮನೆಮಾತಿಗೆ ಬಟ್ಟೆಯಲ್ಲಿ ಆಧಾರವಿಲ್ಲ’ ಎಂದು ಬರೆಯಿರಿ. ಅಳತೆಗಳು, ಹೇಳಿದವರ ಹೆಸರು, ಕೇಳಿದ ತಾರೀಖು ಸೇರಿಸಿ. ಕಾಗದವನ್ನು ಬಾವುಟಕ್ಕೆ ಪಿನ್ನು ಚುಚ್ಚಿ ಸಿಕ್ಕಿಸಬೇಡಿ, ತುಕ್ಕಿನ ಕಲೆ ಬಟ್ಟೆಯನ್ನು ತಿನ್ನುತ್ತದೆ. 1962ರದ್ದು ಎಂದು ಗೊತ್ತಾದ ಬಾವುಟದ ಬೆಲೆ ಕಡಿಮೆಯಾಯಿತೆಂದು ಬೇಸರಪಡುವವರಿದ್ದಾರೆ. ಒಂದು ಶಾಲೆಯ ಮಕ್ಕಳು ವರ್ಷಗಟ್ಟಲೆ ಸೆಲ್ಯೂಟ್ ಹೊಡೆದ ಬಟ್ಟೆ ಅದು, ಹಾಗೆಂದೇ ಬರೆದಿಡಿ.

ಎತ್ತಿಡುವಾಗ ಮಡಚಬೇಡಿ, ಸುತ್ತಿ. ಬಾವುಟದ ಅಗಲಕ್ಕಿಂತ ಒಂದು ಗೇಣು ಉದ್ದವಾದ ದಪ್ಪ ಕೊಳವೆಗೆ ಒಗೆದ ಬಿಳಿ ಹತ್ತಿಬಟ್ಟೆ ಹೊದಿಸಿ, ಬಾವುಟದ ಜೊತೆಗೆ ಇನ್ನೊಂದು ಹತ್ತಿಬಟ್ಟೆ ಸೇರಿಸಿ ಸಡಿಲವಾಗಿ ಸುತ್ತಿ, ಹೊರಗೆ ಮತ್ತೊಂದು ಪದರ ಹೊದಿಸಿ ಹತ್ತಿಯ ಲಾಡಿಯಿಂದ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ಕೂತು ಬೂಸ್ಟು ಹಿಡಿಯುತ್ತದೆ. ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಆಮ್ಲ ಬಟ್ಟೆಯನ್ನು ಹಳದಿ ಮಾಡುತ್ತದೆ. ಹಳೆಯ ಪತ್ರಿಕೆಯಲ್ಲೇ ಸಿಕ್ಕಿದ್ದರೆ ಅದನ್ನು ಬೇರೆ ಲಕೋಟೆಯಲ್ಲಿ ಇಡಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ನೆಲದಿಂದ ಮೇಲೆ, ಹೊರಗೋಡೆಗೆ ಒರಗದ, ಬಿಸಿಲು ಬೀಳದ ಬೀರುವಿನಲ್ಲಿಟ್ಟು, ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಗೆದು ಹುಳು ಬಿದ್ದಿದೆಯೇ ನೋಡಿ. ಹರಿದ, ಮಾಸಿದ ಧ್ವಜವನ್ನು ಹಾರಿಸುವಂತಿಲ್ಲ. ಎಷ್ಟೇ ಹಳೆಯದಾದರೂ ಆಗಸ್ಟ್ 15ಕ್ಕೆ ಕಂಬಕ್ಕೆ ಹೊಸ ಧ್ವಜವನ್ನೇ ಏರಿಸಿ. ನೂರು ವರ್ಷ ತುಂಬಿದ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ನಿಮಗೆ ಸಿಕ್ಕಿದ್ದು ಬಿಳಿ-ಹಸಿರು-ಕೆಂಪಿನ ಸ್ವರಾಜ್ಯ ಧ್ವಜವಾದರೆ ಮಾರುವ, ವಿದೇಶಕ್ಕೆ ಕಳಿಸುವ ಮಾತಿಗೆ ಹೋಗದೆ ರಾಜ್ಯದ ಪುರಾತತ್ವ ಇಲಾಖೆಗೆ ತೋರಿಸಿ.